ಜಾಣ ಮಗು, ಜಾರುವ ಅಂಕ

2017ರ ಫೆಬ್ರವರಿಯಲ್ಲಿ ಸಿಬಿಎಸ್‌ಇ ಹೊರಡಿಸಿದ ಸುತ್ತೋಲೆಯೊಂದು ಸಂತೆಗೆ ಹೊರಟವರ ಚೀಟಿಯಂತಿತ್ತು. ಸಕ್ಕರೆ ಮಾತ್ರೆ, ಚಾಕೊಲೇಟ್, ಕ್ಯಾಂಡಿ, ಬಾಳೆಹಣ್ಣು, ಸೇಬು, ಕಿತ್ತಳೆ, ಸ್ಯಾಂಡ್‌ವಿಚ್, ಅರ್ಧ ಲೀಟರಿನ ನೀರಿನ ಬಾಟಲಿ. ಟೈಪ್ 1 ಮಧುಮೇಹ ಇರುವ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಮಕ್ಕಳು ಇವನ್ನು ಬೋರ್ಡ್ ಪರೀಕ್ಷೆಗೆ ತರಬಹುದು ಎಂದು ಮಂಡಳಿ ಒಪ್ಪಿಕೊಂಡಿತ್ತು. ಅದೇ ಮಗು ಮುಂದೆ ಜೆಇಇ ಬರೆಯಲು ಹೋದರೆ ನಿಯಮ ಬೇರೆ. ಸಕ್ಕರೆ ಮಾತ್ರೆ, ಹಣ್ಣು, ಪಾರದರ್ಶಕ ಬಾಟಲಿಗೆ ಅಡ್ಡಿಯಿಲ್ಲ, ಚಾಕೊಲೇಟ್, ಕ್ಯಾಂಡಿ, ಸ್ಯಾಂಡ್‌ವಿಚ್‌ಗೆ ಮಾತ್ರ ಪ್ರವೇಶವಿಲ್ಲ. ಒಂದು ಕಡೆ ಔಷಧಿಯಾದ ಚಾಕೊಲೇಟ್ ಇನ್ನೊಂದು ಕಡೆ ನಿಷಿದ್ಧ ವಸ್ತು.

ನಗು ಬರುವ ವಿಷಯವೇ. ಆದರೆ ಈ ಪಟ್ಟಿಗಳು ಒಂದು ಸಂಗತಿಯನ್ನು ಸರ್ಕಾರಿ ಭಾಷೆಯಲ್ಲಿ ಒಪ್ಪಿಕೊಂಡಿವೆ. ಪರೀಕ್ಷೆ ಬರೆಯುವುದು ಬುದ್ಧಿ ಒಂದೇ ಅಲ್ಲ, ಅದರ ಜೊತೆ ಮೈಯೂ ಬರೆಯುತ್ತದೆ. ಮೈ ಸರಿಯಿದ್ದ ದಿನ 95 ತೆಗೆಯುವ ಮಗು ಸರಿಯಿಲ್ಲದ ದಿನ 52 ತೆಗೆಯುತ್ತದೆ. ಹಾಗೆ ಏರಿಳಿಯುವ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದ ದೊಡ್ಡವರು ಸಾಮಾನ್ಯವಾಗಿ ಹೇಳುವ ಮಾತು ಎಲ್ಲರಿಗೂ ಬಾಯಿಪಾಠ: ‘ತಲೆ ಇದೆ, ಗಮನ ಇಲ್ಲ.’

ಮಧುಮೇಹದ ಮಗುವಿನ ಪರೀಕ್ಷಾ ಕೊಠಡಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಭಾರತದಲ್ಲಿ ಇಪ್ಪತ್ತು ವರ್ಷದೊಳಗಿನ ಇಂಥ ಮಕ್ಕಳ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು ಎಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು ಹೇಳುತ್ತದೆ. ಎಸ್‌ಎಸ್‌ಎಲ್‌ಸಿ ಗಣಿತದ ದಿನ ಎಂದುಕೊಳ್ಳಿ. ಹುಡುಗಿ ಬೆಳಿಗ್ಗೆ ಲೆಕ್ಕದ ಪ್ರಕಾರ ಇನ್ಸುಲಿನ್ ಚುಚ್ಚಿಕೊಂಡಿದ್ದಾಳೆ, ಆದರೆ ಹೆದರಿಕೆಗೆ ಎರಡು ಇಡ್ಲಿಯ ಬದಲು ಅರ್ಧ ಇಡ್ಲಿ ಇಳಿದಿದೆ. ಹನ್ನೊಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬರುತ್ತದೆ. ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಿಡುಕು ಬರುತ್ತದೆ. ಪರೀಕ್ಷೆಗೆ ಹೆದರಿದ ಮಗುವಿನ ಲಕ್ಷಣಗಳೂ ಇವೇ. ಕೊಠಡಿ ಮೇಲ್ವಿಚಾರಕರಿಗಿರಲಿ, ಕೆಲವೊಮ್ಮೆ ಆ ಹುಡುಗಿಗೇ ಇದು ಭಯವೋ ‘ಲೋ’ ಆಗಿರುವುದೋ ಗೊತ್ತಾಗುವುದಿಲ್ಲ.

ಗೊತ್ತಾಯಿತು ಎಂದೇ ಇಟ್ಟುಕೊಳ್ಳೋಣ. ವೈದ್ಯರು ಹೇಳಿಕೊಡುವ ಲೆಕ್ಕ ಹದಿನೈದರದು: ಹದಿನೈದು ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬೆರಳು ಚುಚ್ಚುವ ಯಂತ್ರ ಈಗ 90 ತೋರಿಸಬಹುದು. ಆದರೆ ಯಂತ್ರ ಸರಿಹೋದ ಕೂಡಲೇ ಮಿದುಳು ಸರಿಹೋಗುವುದಿಲ್ಲ. ಯೋಚನೆಯ ವೇಗ ಮೊದಲಿನಂತಾಗಲು ಅದರ ಮೇಲೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು ಎಂದು ಅಧ್ಯಯನಗಳು ತೋರಿಸಿವೆ. ಐದು ನಿಮಿಷದಲ್ಲಿ ಸಕ್ಕರೆ ನೀರು ಕುಡಿದು ಬಂದಳು, ಐದೇ ನಿಮಿಷ ಹೋಯಿತು ಎಂದು ಹೊರಗಿನವರು ಲೆಕ್ಕ ಹಾಕುತ್ತಾರೆ. ಅವಳಿಗೆ ಹೋದದ್ದು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಬರೆದ ಲೆಕ್ಕದಲ್ಲಿ ಋಣ ಚಿಹ್ನೆ ತಪ್ಪಿರುತ್ತದೆ, ಸಾಲು ಬಿಟ್ಟಿರುತ್ತದೆ, ಪ್ರಮೇಯ ಅರ್ಧಕ್ಕೆ ನಿಂತಿರುತ್ತದೆ. ಮನೆಯಲ್ಲಿ ಉತ್ತರ ಪತ್ರಿಕೆ ನೋಡಿದ ಅಪ್ಪ ಕೇಳುತ್ತಾರೆ, ‘ಇಷ್ಟು ಸುಲಭದ್ದು ಹೇಗೆ ತಪ್ಪಾಯ್ತು?’

ಸಕ್ಕರೆ ಏರಿದಾಗಲೂ ಮಂಪರು ಕವಿಯುತ್ತದೆ, ಬಾಯಿ ಒಣಗುತ್ತದೆ, ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ. ಪರೀಕ್ಷೆಯ ಒತ್ತಡವೇ ಸಕ್ಕರೆಯನ್ನು ಏರಿಸುವುದೂ ಉಂಟು.

ಇದು ಮಧುಮೇಹಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಏರಿಳಿತವನ್ನು ಅಂಕಿಯಲ್ಲಿ ಹಿಡಿದಿದೆ. ಅಲ್ಲಿ ನಮ್ಮ ಎಸ್‌ಎಸ್‌ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆಗೆ ಮುನ್ನ ಚಳಿಗಾಲದಲ್ಲಿ ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತದೆ, ನಮ್ಮ ಪ್ರಿಪರೇಟರಿಯಂತೆ. ಅಂತಿಮ ಪರೀಕ್ಷೆ ಬೇಸಿಗೆಯಲ್ಲಿ, ಗಾಳಿಯಲ್ಲಿ ಹುಲ್ಲಿನ ಪರಾಗ ತುಂಬಿರುವ ಹೊತ್ತಿಗೆ. 1,834 ವಿದ್ಯಾರ್ಥಿಗಳನ್ನು ಗಮನಿಸಿದಾಗ ಕಂಡದ್ದು ಇದು: ಪರೀಕ್ಷೆಯ ದಿನಗಳಲ್ಲಿ ಸೀನು, ಮೂಗು ಸೋರುವಿಕೆ, ಕಣ್ಣುರಿ ಇದ್ದ ಮಕ್ಕಳು ಚಳಿಗಾಲದ ಶ್ರೇಣಿಗಿಂತ ಒಂದು ಶ್ರೇಣಿ ಕೆಳಗೆ ಬೀಳುವ ಸಾಧ್ಯತೆ ಶೇ 40ರಷ್ಟು ಹೆಚ್ಚು. ನಿದ್ದೆ ಬರಿಸುವ ಅಲರ್ಜಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 70ರಷ್ಟು ಹೆಚ್ಚು. ಅದೇ ಮಗು, ಅದೇ ಪಠ್ಯ. ನೆಗಡಿಯಂಥ ‘ಸಣ್ಣ’ ಕಾಯಿಲೆ, ಅದಕ್ಕಿಂತ ಸಣ್ಣ ಒಂದು ಮಾತ್ರೆ ಶ್ರೇಣಿಯನ್ನು ಕದಲಿಸಬಲ್ಲದು ಎಂದಾದರೆ, ರಾತ್ರಿಯಿಡೀ ಉಬ್ಬಸದಿಂದ ಎದ್ದು ಕೂತ ಮಗುವಿನ ಮರುದಿನದ ಕಿರುಪರೀಕ್ಷೆಯನ್ನು ಯಾವ ಧೈರ್ಯದಿಂದ ಅದರ ಬುದ್ಧಿಯ ಅಳತೆ ಎನ್ನುವುದು? ನಮ್ಮಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ‘ಮೂಗು ಕಟ್ಟಿದೆ’ ಎಂದು ಮೆಡಿಕಲ್ ಶಾಪಿನಿಂದ ತಂದು ಕುಡಿಸುವ ಸಿರಪ್ಪುಗಳಲ್ಲಿ ನಿದ್ದೆ ಬರಿಸುವ ಕ್ಲೋರ್‌ಫೆನಿರಮಿನ್ ಇರುವುದು ತೀರ ಸಾಮಾನ್ಯ. ಬಾಟಲಿಯ ಹಿಂಬದಿ ಓದುವುದಕ್ಕೆ ಖರ್ಚೇನೂ ಇಲ್ಲ.

ಇನ್ನೂ ಮೋಸಗಾರ ಕಾಯಿಲೆ ಒಂದಿದೆ. ಫಿಟ್ಸ್ ಎಂದರೆ ಕೈಕಾಲು ಬಡಿಯುವುದು, ಬಾಯಲ್ಲಿ ನೊರೆ ಎಂದೇ ಜನ ತಿಳಿದಿದ್ದಾರೆ. ನಾಲ್ಕರಿಂದ ಹತ್ತು ವರ್ಷದ ನಡುವೆ ಶುರುವಾಗುವ ಒಂದು ಬಗೆಯ ಅಪಸ್ಮಾರದಲ್ಲಿ ಅಂಥದ್ದೇನೂ ಇಲ್ಲ. ಮಗು ಕಣ್ಣು ಬಿಟ್ಟುಕೊಂಡೇ ಹತ್ತು ಸೆಕೆಂಡು ಎಲ್ಲಿಗೋ ಹೋಗಿ ಬರುತ್ತದೆ, ದಿನಕ್ಕೆ ಹಲವು ಬಾರಿ. ಬಂದ ಮೇಲೆ ಹೋದದ್ದೂ ಗೊತ್ತಿರುವುದಿಲ್ಲ. ಉಕ್ತಲೇಖನದ ಪುಸ್ತಕದಲ್ಲಿ ವಾಕ್ಯದ ನಡುವಿನ ಎರಡು ಪದ ಮಾಯವಾಗಿದ್ದು, ಮುಂದಿನ ವಾಕ್ಯ ತಪ್ಪಿಲ್ಲದೆ ಮುಂದುವರಿದಿದ್ದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಹಗಲುಗನಸು’ ಎಂದು ಬರೆಯುವ ಮುನ್ನ ಒಂದು ಗಳಿಗೆ ತಡೆದರೆ ಒಳ್ಳೆಯದು. ವೈದ್ಯರು ಮಗುವಿಗೆ ಎರಡು ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳಿ ಇದನ್ನು ಕಣ್ಣೆದುರೇ ತರಿಸಬಲ್ಲರು. ಇಇಜಿ ಖಚಿತಪಡಿಸುತ್ತದೆ, ಔಷಧಿಯಿಂದ ಬಹಳ ಮಕ್ಕಳಲ್ಲಿ ಇದು ಹತೋಟಿಗೆ ಬರುತ್ತದೆ. ಔಷಧಿಗಳಿಗೂ ತಮ್ಮದೇ ತೊಡಕುಗಳಿವೆ. ಟೊಪಿರಮೇಟ್‌ನಂಥ ಮಾತ್ರೆಯಿಂದ ಕೆಲವು ಮಕ್ಕಳಿಗೆ ನಾಲಿಗೆಯ ತುದಿಯಲ್ಲಿರುವ ಪದವೇ ಸಿಗುವುದಿಲ್ಲ. ಮಾತ್ರೆ ಬದಲಾದ ತಿಂಗಳಲ್ಲೇ ಅಂಕ ಕುಸಿದಿದ್ದರೆ ಅದನ್ನು ಟ್ಯೂಷನ್ ಮೇಷ್ಟ್ರಿಗಿಂತ ಮೊದಲು ನರರೋಗ ತಜ್ಞರಿಗೆ ಹೇಳಬೇಕು.

ಜಾಣ ಮಕ್ಕಳಲ್ಲಿ ಇದೆಲ್ಲ ಬೇಗ ಕಣ್ಣಿಗೆ ಬೀಳದಿರುವುದಕ್ಕೆ ಅವರ ಜಾಣತನವೇ ಕಾರಣ. ಐದನೇ ತರಗತಿಯವರೆಗೆ ಅರ್ಧ ಪಾಠ ಕೇಳಿ ಉಳಿದರ್ಧ ಊಹಿಸಿಕೊಂಡೇ 80 ತೆಗೆಯುತ್ತಾರೆ. ಎಂಟು, ಒಂಬತ್ತಕ್ಕೆ ಬಂದಾಗ ಪ್ರಶ್ನೆಪತ್ರಿಕೆ ಉದ್ದವಾಗುತ್ತದೆ, ಮೂರು ಗಂಟೆ ಕೂರಬೇಕಾಗುತ್ತದೆ, ಊಹೆ ಸಾಲುವುದಿಲ್ಲ. ಆಗ ಮನೆಯವರು ಮೊಬೈಲನ್ನು ಬೈಯುತ್ತಾರೆ, ಸಹವಾಸವನ್ನು ಬೈಯುತ್ತಾರೆ.

ಬುದ್ಧಿಮಾಪನ ಮಾಡಿಸಿದರೆ ಎಲ್ಲ ಗೊತ್ತಾಗುತ್ತದಲ್ಲ ಎನ್ನುವವರೂ ಇದ್ದಾರೆ. ಕರ್ನಾಟಕಕ್ಕೂ ಬುದ್ಧಿಮಾಪನಕ್ಕೂ ಹಳೆಯ ನಂಟು. ಫ್ರಾನ್ಸಿನ ಬಿನೆ ರೂಪಿಸಿದ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ, ಧಾರವಾಡದ ಮಕ್ಕಳನ್ನು ಪರೀಕ್ಷಿಸಿ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದುದ್ದಕ್ಕೂ ಬಳಕೆಗೆ ಬಂತು. ಆದರೆ ಯಾವುದೇ ಬುದ್ಧಿಮಾಪನದಲ್ಲಿ ಬರುವ ಸಂಖ್ಯೆ ಒಂದು ಚುಕ್ಕಿಯಲ್ಲ, ಒಂದು ವ್ಯಾಪ್ತಿ. ಆರೋಗ್ಯವಂತ ಮಗುವಿನಲ್ಲೂ ಐದಾರು ಅಂಕ ಅತ್ತಿತ್ತ ಆಗುವುದು ಸಹಜ. ವೆಕ್ಸ್‌ಲರ್ ಮಾದರಿಯ ಈಗಿನ ಪರೀಕ್ಷೆಗಳು ಪದಜ್ಞಾನ, ತರ್ಕ, ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ, ಕೆಲಸದ ವೇಗ ಇವುಗಳಿಗೆ ಬೇರೆ ಬೇರೆ ಅಂಕ ಕೊಡುತ್ತವೆ. ಕಾಯಿಲೆ, ದಣಿವು, ನಿದ್ದೆಗೇಡು ಮೊದಲು ತಿನ್ನುವುದು ಕೊನೆಯ ಎರಡನ್ನು. ತರ್ಕದಲ್ಲಿ 135, ವೇಗದಲ್ಲಿ 85 ಬಂದ ಮಗುವಿಗೆ ಒಟ್ಟು ಸೇರಿಸಿ ‘ಸಾಧಾರಣಕ್ಕಿಂತ ಸ್ವಲ್ಪ ಮೇಲು’ ಎಂದು ವರದಿ ಕೊಟ್ಟರೆ ಆ ವರದಿ ಯಾರ ಬಗ್ಗೆಯೂ ಅಲ್ಲದ ವರದಿಯಾಗುತ್ತದೆ. ತಿಳಿದ ಮನಶ್ಶಾಸ್ತ್ರಜ್ಞರು ಅಂಥಲ್ಲಿ ಸರಾಸರಿ ಬಿಟ್ಟು, ವೇಗ ಮತ್ತು ನೆನಪನ್ನು ಹೊರಗಿಟ್ಟ ಸೂಚ್ಯಂಕವೊಂದನ್ನು ಲೆಕ್ಕ ಹಾಕುತ್ತಾರೆ. ವರದಿ ತೆಗೆದುಕೊಳ್ಳುವಾಗ ಪೋಷಕರು ಕೇಳಬೇಕಾದ ಪ್ರಶ್ನೆ ‘ಐಕ್ಯೂ ಎಷ್ಟು’ ಎಂಬುದಲ್ಲ, ‘ಬಿಡಿ ಅಂಕಗಳು ಎಷ್ಟೆಷ್ಟು, ಆ ದಿನ ಮಗು ಹೇಗಿತ್ತು’ ಎಂಬುದು.

ಶಾಲೆಯ ಅಂಕಗಳಿಗೂ ಇದೇ ಕಣ್ಣು ಬೇಕು. 95, 52, 88, 60 ಎಂಬ ನಾಲ್ಕು ಅಂಕಗಳ ಸರಾಸರಿ 73.75. ಆ ಮಗು ಎಂದೂ 73ರ ಮಗುವಾಗಿರಲಿಲ್ಲ. ತಿಳಿಯದ ವಿಷಯದಲ್ಲಿ ಅದೃಷ್ಟದಿಂದ ಮೂರು ಗಂಟೆ ಬರೆದು 95 ತೆಗೆಯಲು ಸಾಧ್ಯವಿಲ್ಲ. ತಿಳಿದ ವಿಷಯದಲ್ಲಿ 52 ಬರುವುದಕ್ಕೆ ಮಾತ್ರ ನೂರು ದಾರಿಗಳಿವೆ. ಆದ್ದರಿಂದ ಕಾಯಿಲೆಯ ಮಗುವಿನ ಸಾಮರ್ಥ್ಯವನ್ನು ಅದರ ಅತಿ ಹೆಚ್ಚಿನ ಅಂಕಗಳಿಂದ ಓದಬೇಕು, ಕಡಿಮೆ ಅಂಕಗಳನ್ನು ಆ ದಿನದ ವರದಿಯೆಂದು ಓದಬೇಕು. ಪೋಷಕರ ಸಭೆಯಲ್ಲಿ ಸರಾಸರಿ ಹಿಡಿದು ಮಾತಾಡುವ ಶಿಕ್ಷಕರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಒಪ್ಪಿಸಲೇಬೇಕು.

ಹಾಗೆಂದು ಪ್ರತಿ ಕುಸಿತಕ್ಕೂ ಕಾಯಿಲೆಯ ಮೇಲೆ ಹೊರೆ ಹೊರಿಸಿದರೆ ಅದೂ ಮೋಸವೇ. ಉತ್ತರ ಪತ್ರಿಕೆಯನ್ನು ಅಂಕ ಮುಚ್ಚಿಟ್ಟುಕೊಂಡು ಓದಿದರೆ ಬಹಳ ಮಟ್ಟಿಗೆ ವ್ಯತ್ಯಾಸ ಕಾಣುತ್ತದೆ. ಎಲ್ಲ ಪಾಠಗಳಲ್ಲೂ ಅಲ್ಲಲ್ಲಿ ಅಜಾಗರೂಕ ತಪ್ಪು, ಅಕ್ಷರ ಎಂದಿನಂತಿಲ್ಲ ಎಂದರೆ ಆ ದಿನದ ಮೈಯನ್ನು ಶಂಕಿಸಬೇಕು. ತ್ರಿಭುಜಗಳು ಎಲ್ಲ ಸರಿ, ಬೀಜೋಕ್ತಿಗಳು ಮಾತ್ರ ಪ್ರತಿ ಪರೀಕ್ಷೆಯಲ್ಲೂ ತಪ್ಪು ಎಂದರೆ ಆ ಪಾಠ ನಡೆದ ವಾರ ಮಗು ಆಸ್ಪತ್ರೆಯಲ್ಲಿತ್ತೇನೋ ನೋಡಬೇಕು. ಅದು ತುಂಬಬಹುದಾದ ಕಂದಕ, ಅದಕ್ಕೆ ಔಷಧಿಯಿಲ್ಲ, ಪಾಠವೇ ಔಷಧಿ. ಮೊದಲ ಎರಡು ಪುಟ ಮುತ್ತಿನಂಥ ಅಕ್ಷರ, ಕೊನೆಯ ಎರಡು ಖಾಲಿ ಎಂದರೆ ದಣಿವು, ಕೀಲುನೋವು, ಬರೆಯುವ ವೇಗ ಇವುಗಳಲ್ಲಿ ಒಂದು. ಇವು ಯಾವುವೂ ಅಲ್ಲದೆ ಮಗು ನಿಜಕ್ಕೂ ಓದಿರಲಿಲ್ಲ ಎಂಬುದೂ ಆಗಾಗ ನಿಜ. ಕಾಯಿಲೆ ಇದ್ದ ಮಾತ್ರಕ್ಕೆ ಹದಿಮೂರರ ವಯಸ್ಸು ಬರುವುದಿಲ್ಲವೆಂದಿಲ್ಲ.

ಯಾವ ಕುಸಿತ ಯಾವುದರದು ಎಂದು ಗುರುತಿಸಲು ಒಂದು ನೋಟುಬುಕ್ಕು ಸಾಕು. ಪರೀಕ್ಷೆಯ ದಿನಾಂಕ, ವಿಷಯ, ಅಂಕ, ಹಿಂದಿನ ರಾತ್ರಿಯ ನಿದ್ದೆ, ತೆಗೆದುಕೊಂಡ ಔಷಧಿ, ಇನ್‌ಹೇಲರ್ ಹೊಡೆದುಕೊಂಡ ಸಲ, ಸಕ್ಕರೆಯ ಮಟ್ಟ ಅಥವಾ ತಲೆನೋವು. ಒಂದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಯಾವುದು ಯಾವುದರ ಜೊತೆ ಏಳುತ್ತದೆ, ಬೀಳುತ್ತದೆ ಎಂಬುದು ಕಾಣತೊಡಗುತ್ತದೆ. ವೈದ್ಯರಿಗೂ ಮುಖ್ಯೋಪಾಧ್ಯಾಯರಿಗೂ ‘ಯಾಕೋ ಈಚೆಗೆ ಸರಿಯಾಗಿ ಮಾಡ್ತಿಲ್ಲ’ ಎಂಬ ಮಾತಿಗಿಂತ ಆ ಪುಟ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಶಾಲೆಗೆ ಹೇಳುವುದೇ ದೊಡ್ಡ ಅಡ್ಡಿ. ಅದರಲ್ಲೂ ಹೆಣ್ಣುಮಗುವಾದರೆ. ‘ಶುಗರ್ ಅಂತ ಯಾರಿಗೂ ಹೇಳ್ಬೇಡಿ, ನಾಳೆ ಮದುವೆಗೆ ಗಂಡು ಸಿಗಲ್ಲ’ ಎಂದು ಮನೆಯ ಹಿರಿಯರು ತಾಕೀತು ಮಾಡುತ್ತಾರೆ. ಫಿಟ್ಸ್ ಎಂದರೆ ಇನ್ನೂ ಗುಟ್ಟು. ಹಾಗಾಗಿ ಎಷ್ಟೋ ಮಕ್ಕಳು ಶಾಲೆಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಇಲ್ಲವೇ ಮಧ್ಯಾಹ್ನದ ಡೋಸನ್ನೇ ಬಿಡುತ್ತಾರೆ. ಗುಟ್ಟು ಕಾಪಾಡುವುದಕ್ಕೆ ಕುಟುಂಬ ಕೊಡುತ್ತಿರುವ ಬೆಲೆ ಇದು, ಅದರಲ್ಲಿ ಬಹುಪಾಲು ಕಟ್ಟುವುದು ಮಗು. ಇಡೀ ಶಾಲೆಗೆ ಸಾರಬೇಕಿಲ್ಲ. ಕ್ಲಾಸ್ ಟೀಚರ್, ಮುಖ್ಯೋಪಾಧ್ಯಾಯರು, ಪಿ.ಇ. ಮೇಷ್ಟ್ರು, ಪಕ್ಕದಲ್ಲಿ ಕೂರುವ ಒಬ್ಬ ಗೆಳತಿ ಇಷ್ಟು ಜನಕ್ಕೆ ಗೊತ್ತಿದ್ದರೆ ದಿನ ಸಾಗುತ್ತದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಟೈಪ್ 1 ಮಧುಮೇಹದ ಮಕ್ಕಳಿಗೆ ತರಗತಿಯಲ್ಲೇ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ಏನಾದರೂ ತಿನ್ನಲು ಅವಕಾಶ ಕೊಡಬೇಕೆಂದು ಸೂಚಿಸಿದೆ. ಶಾಲೆ ತಕರಾರು ತೆಗೆದರೆ ತೋರಿಸಲು ಅದೊಂದು ಕಾಗದ.

ವೈದ್ಯರಿಂದ ತರುವ ಪತ್ರದಲ್ಲಿ ಕಾಯಿಲೆಯ ಹೆಸರಿಗಿಂತ ಅದರ ಪರಿಣಾಮ ಬರೆಸಿಕೊಳ್ಳುವುದು ಲೇಸು. ‘ಈ ಮಗುವಿಗೆ ಮೈಗ್ರೇನ್ ಇದೆ’ ಎಂದಷ್ಟೇ ಬರೆದರೆ ಶಿಕ್ಷಕರಿಗೆ ಮಾಡುವುದೇನೆಂದು ತಿಳಿಯದು. ‘ತಲೆನೋವು ಶುರುವಾದ ಕೂಡಲೇ ಮಾತ್ರೆ ನುಂಗಿ ಕತ್ತಲ ಕೋಣೆಯಲ್ಲಿ ಒಂದು ಗಂಟೆ ಮಲಗಬೇಕು, ಆ ದಿನದ ಕಿರುಪರೀಕ್ಷೆಯನ್ನು ಮತ್ತೊಂದು ದಿನ ಕೊಡಿ’ ಎಂದಿದ್ದರೆ ತಿಳಿಯುತ್ತದೆ.

ಶಾಲೆಯೊಳಗಿನ ಪರೀಕ್ಷೆಗಳಲ್ಲಿ ಶಿಕ್ಷಕರಿಗೆ ಸ್ವಾತಂತ್ರ್ಯ ಸಾಕಷ್ಟಿದೆ. ಮೂರು ಕಿರುಪರೀಕ್ಷೆಗಳಲ್ಲಿ ಉತ್ತಮವಾದ ಎರಡನ್ನು ಎಣಿಸಬಹುದು. ಉದ್ದದ ಪತ್ರಿಕೆಯನ್ನು ಎರಡು ಅವಧಿಗೆ ಒಡೆಯಬಹುದು. ಕೈ ನಡುಗುವ ದಿನ ಬಾಯಿಯಲ್ಲಿ ಕೇಳಬಹುದು. ಅದಕ್ಕಿಂತ ಮೊದಲು ನಿಲ್ಲಿಸಬೇಕಾದ ಒಂದು ಪದ್ಧತಿ ಇದೆ: ನಾಲ್ಕು ದಿನ ಜ್ವರದಿಂದ ಮಲಗೆದ್ದು ಬಂದ ಮಗುವಿಗೆ ‘ಬಿಟ್ಟ ನೋಟ್ಸೆಲ್ಲ ನಾಳೆಯೊಳಗೆ ಬರೆದು ತೋರಿಸು’ ಎನ್ನುವುದು. ಗೆಳತಿಯ ಪುಸ್ತಕ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಹಾಳೆಗಟ್ಟಲೆ ನಕಲು ಮಾಡುವುದರಿಂದ ಕಲಿಕೆ ನಯಾಪೈಸೆಯಷ್ಟೂ ಆಗುವುದಿಲ್ಲ, ಇದ್ದ ಶಕ್ತಿಯೂ ಸೋರುತ್ತದೆ. ಜಾಣ ಮಗುವಿಗೆ ಆ ವಾರದ ಮುಖ್ಯವಾದ ನಾಲ್ಕು ಲೆಕ್ಕ ಕೊಟ್ಟು, ಬರದಿದ್ದ ಕಡೆ ಹತ್ತು ನಿಮಿಷ ಹೇಳಿಕೊಟ್ಟರೆ ಮುಗಿಯಿತು. ನೋಟ್ಸನ್ನು ಫೋಟೊ ತೆಗೆದು ಅಂಟಿಸಿಕೊಳ್ಳಲಿ.

ಬೋರ್ಡ್ ಪರೀಕ್ಷೆಗೆ ಬಂದಾಗ ಕಾನೂನಿನ ಗೆರೆಗಳು ಗಟ್ಟಿಯಾಗುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಪಟ್ಟಿ ಮಾಡಿದೆ. ಕಲಿಕಾ ನ್ಯೂನತೆ, ಥಲಸ್ಸೀಮಿಯಾ, ಹಿಮೋಫಿಲಿಯಾ, ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟುಗಳಲ್ಲಿ ಕಂಡುಬರುವ ಸಿಕಲ್ ಸೆಲ್ ಕಾಯಿಲೆ ಅದರಲ್ಲಿವೆ. ಮಧುಮೇಹ, ಉಬ್ಬಸ ಇಲ್ಲ. ಪಟ್ಟಿಯಲ್ಲಿದ್ದು ಬರೆಯಲು ತೊಂದರೆ ಇರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬೇಕಿದ್ದರೆ ಲಿಪಿಕಾರರು ಸಿಗುತ್ತಾರೆ. ಇದಕ್ಕೆ ಶೇ 40ರ ಅಂಗವಿಕಲತೆಯ ಪ್ರಮಾಣಪತ್ರ ಬೇಕೇ ಬೇಕು ಎಂದು ಮೊದಲು ಹಟ ಹಿಡಿಯಲಾಗುತ್ತಿತ್ತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಎಂಬಿಬಿಎಸ್ ಪದವೀಧರರೊಬ್ಬರಿಗೆ ಯುಪಿಎಸ್‌ಸಿ ಲಿಪಿಕಾರರನ್ನು ನಿರಾಕರಿಸಿದ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಹಟವನ್ನು ತಳ್ಳಿಹಾಕಿತು. ಮರುವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 40ಕ್ಕಿಂತ ಕಡಿಮೆ ಇರುವವರಿಗೂ ಮಾರ್ಗಸೂಚಿ ತಂದಿತು. ಆದರೆ ಎಲ್ಲವೂ ‘ಬರೆಯಲು ತೊಂದರೆ’ ಎಂಬ ಗೂಟಕ್ಕೆ ಕಟ್ಟಿಕೊಂಡೇ ಇವೆ. ಸಕ್ಕರೆ ಇಳಿದು ಮುಕ್ಕಾಲು ಗಂಟೆ ಕಳೆದುಕೊಂಡವಳಿಗೆ ಕೈ ಬರೆಯುತ್ತದೆ, ತಲೆ ಓಡುವುದಿಲ್ಲ. ಬ್ರಿಟನ್ನಿನಲ್ಲಿ ಅಂಥವರಿಗೆ ‘ಮೇಲ್ವಿಚಾರಣೆಯ ವಿರಾಮ’ ಎಂಬ ಏರ್ಪಾಡಿದೆ. ಮಗು ಸುಧಾರಿಸಿಕೊಳ್ಳುವಷ್ಟು ಹೊತ್ತು ಅದರ ಗಡಿಯಾರ ನಿಲ್ಲುತ್ತದೆ. ನಮ್ಮ ಮಂಡಳಿಗಳು ಬಾಳೆಹಣ್ಣು ಒಳಗೆ ಬಿಟ್ಟಿವೆ, ಅದನ್ನು ತಿನ್ನಲು ಹಿಡಿಯುವ ಸಮಯವನ್ನು ಮಗುವಿನ ಖಾತೆಯಿಂದಲೇ ಕಳೆಯುತ್ತಿವೆ.

ಕರ್ನಾಟಕ ಈ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಳ್ಳದೆಯೇ ಅವರಿಗೆ ಒಂದು ಉಪಕಾರ ಮಾಡಿದೆ. 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಮಾರ್ಚ್‌ನಲ್ಲಿ ಆಸ್ಪತ್ರೆ ಸೇರಿದ ಮಗುವಿಗೆ ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿಯಿಲ್ಲದೆ ಮತ್ತೆ ಅವಕಾಶ. ಜೆಇಇ ಮೇನ್ 2019ರಿಂದಲೇ ವರ್ಷಕ್ಕೆ ಕನಿಷ್ಠ ಎರಡು ಬಾರಿ ನಡೆಯುತ್ತಿದೆ. ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಅರ್ಧ ತೂಕ ಪಿಯು ಅಂಕಗಳದ್ದು, ಹೀಗಾಗಿ ಒಂದು ಕೆಟ್ಟ ಬೆಳಿಗ್ಗೆ ಎಲ್ಲವನ್ನೂ ನುಂಗುವುದಿಲ್ಲ. ನೀಟ್ ಮಾತ್ರ ಇವತ್ತಿಗೂ ವರ್ಷಕ್ಕೆ ಒಂದೇ ದಿನ. ಏರಿಳಿತದ ಮಗು ಮುಂದಿನ ದಾರಿ ಆರಿಸಿಕೊಳ್ಳುವಾಗ ಈ ಲೆಕ್ಕವನ್ನೂ ಇಡಬೇಕು. ವೈದ್ಯೆಯಾಗುವ ಆಸೆ ಬಿಡಬೇಕೆಂದಲ್ಲ, ಒಂದು ವರ್ಷ ಹೆಚ್ಚು ಹಿಡಿದೀತು ಎಂದು ಮನೆಯವರು ಮೊದಲೇ ಒಪ್ಪಿಕೊಂಡಿರಬೇಕು.

ಇಷ್ಟರ ನಡುವೆ ಮಗುವಿಗೇ ಕಲಿಸಬೇಕಾದದ್ದು ಒಂದಿದೆ, ಅದನ್ನು ಒಂಬತ್ತನೇ ತರಗತಿಯಿಂದ ಶುರು ಮಾಡಿದರೆ ತಡವಲ್ಲ. ಅಪರಿಚಿತ ಮೇಲ್ವಿಚಾರಕರ ಮುಂದೆ ಎದ್ದು ನಿಂತು, ‘ಸರ್, ನನಗೆ ಶುಗರ್ ಲೋ ಆಗ್ತಿದೆ, ಬ್ಯಾಗಲ್ಲಿ ಗ್ಲೂಕೋಸ್ ಇದೆ, ಪರ್ಮಿಷನ್ ಲೆಟರ್ ಹಾಲ್ ಟಿಕೆಟ್ ಜೊತೆ ಇದೆ’ ಎಂದು ಹೇಳುವುದು. ಜಾಣ ಮಕ್ಕಳು ಇದನ್ನು ಹೇಳಲು ಹೆಚ್ಚು ಸಂಕೋಚಪಡುತ್ತಾರೆ, ತಡೆದುಕೊಂಡು ಬರೆದು ಮುಗಿಸೋಣ ಎಂದುಕೊಳ್ಳುತ್ತಾರೆ. ಎಸ್‌ಎಸ್‌ಎಲ್‌ಸಿ ಪ್ರಿಪರೇಟರಿ ಇದಕ್ಕೆ ತಾಲೀಮಿನ ಜಾಗ: ಅದೇ ತಿಂಡಿ, ಅದೇ ಇನ್ಸುಲಿನ್ ಹೊತ್ತು, ಅದೇ ಡಬ್ಬಿ, ಗೊತ್ತಿಲ್ಲದ ಮೇಷ್ಟ್ರು. ಅನುಮತಿಗೆ ಮಂಡಳಿಗೆ ಹೋಗಬೇಕಾದ ಅರ್ಜಿ, ವೈದ್ಯಕೀಯ ಪ್ರಮಾಣಪತ್ರಗಳನ್ನು ಪರೀಕ್ಷೆಗೆ ನೋಂದಣಿಯಾಗುವ ಹೊತ್ತಿಗೇ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಒಂದು ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಂಡು ಬರಬೇಕು.